ಒಂದು ನೂಲು ಹೆಚ್ಚು

ಯುದ್ಧದ ವರ್ಷಗಳವು. ಪೆಟ್ರೋಲಿಗೆ ಬರ ಬಂದು ಮಂಗಳೂರಿನ ಕಾರುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ನಾನು ಒಣಮೀನಿನ ವ್ಯಾಪಾರದ ಬ್ಯಾರಿ ಸಾಹುಕಾರರೊಬ್ಬರ ಬಳಿ ಮೆಕ್ಯಾನಿಕ್ ಆಗಿದ್ದೆ. ಅವರ ಹಳೇ ಕಾರು ಇದ್ದಿಲ ಗ್ಯಾಸಿನಲ್ಲಿ ಕದ್ರಿ ಗುಡ್ಡ ಹತ್ತಲಾರದೆ ಏದುಸಿರು ಬಿಡುತ್ತಿತ್ತು. ಸಿಲಿಂಡರ್ ಅಗಲವಾದರೆ ಬಲ ಬರುತ್ತದೆಂದು ನಾನು ನಾಲ್ಕನ್ನೂ ಕೊರೆಸಿದೆ. ಅಲ್ಪವಿದ್ಯಾ ಮಹಾಗರ್ವಿ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ಸಿಲಿಂಡರುಗಳ ಗೋಡೆ ತೆಳ್ಳಗಾಗಿ ಸೀಳುಬಿಟ್ಟಿತು.

"ಮಗಳ ಮದುವೆಗೆ ಮದುಮಗ ಇದೇ ಕಾರಲ್ಲಿ ಬರ್ಬೇಕು. ಹತ್ತು ದಿನ ಉಂಟು. ಆಗದಿದ್ರೆ ನೀನು ಬೇರೆ ಕೆಲಸ ನೋಡು" ಎಂದರು ಸಾಹುಕಾರರು.

ಇದ್ದದ್ದು ಒಂದೇ ದಾರಿ. ಸೀಳುಬಿಟ್ಟ ಸಿಲಿಂಡರಿನೊಳಗೆ ಲೈನರ್, ಅಂದರೆ ಎರಕದ ಕಬ್ಬಿಣದ ಕೊಳವೆ ಕೂರಿಸಬೇಕು. ಹಂಪನಕಟ್ಟೆಯ ಅಂಗಡಿಯವ ನನ್ನ ಅಳತೆ ನೋಡಿ ನಕ್ಕ.

"ಇದು ಯಾವ ಕಂಪೆನಿಯದ್ದು ಮಾರಾಯ? ಬೊಂಬಾಯಿಯಲ್ಲೂ ಸಿಗ್ಲಿಕ್ಕಿಲ್ಲ."

"ನನ್ನದೇ ಕಂಪೆನಿ" ಎಂದು ಹೊರಬಂದೆ.

ಕೊನೆಗೆ ಹಂಚಿನ ಕಾರ್ಖಾನೆಯೊಂದರ ಎರಕದ ಮೇಸ್ತ್ರಿಯನ್ನು ಹಿಡಿದೆ. ಹಂಚಿನ ಅಚ್ಚು ಎರೆಯುತ್ತಲೇ ತಲೆ ನರೆತವರು. ಅಳತೆ ಕೊಟ್ಟು, "ಒಂದು ನೂಲು ಹೆಚ್ಚಿದ್ರೆ ಸಾಕು, ಉಜ್ಜಿ ಕೂರಿಸ್ತೇನೆ" ಎಂದೆ. ನಾನು ಹೇಳಿದ್ದು ಹೊಲಿಗೆಯ ನೂಲಿನಷ್ಟು. ಬಡಗಿಗಳ, ಎರಕದವರ ಲೆಕ್ಕದಲ್ಲಿ ನೂಲೆಂದರೆ ಇಂಚಿನ ಎಂಟನೇ ಒಂದು ಪಾಲು.

ಆರನೇ ದಿನ ಬಂದ ಲೈನರ್‌ಗಳು ಸಿಲಿಂಡರಿನ ಬಾಯಿಗೇ ಹಿಡಿಸಲಿಲ್ಲ. ಎರಕದ ಮನೆಗೆ ಹೊತ್ತುಕೊಂಡು ಹೋಗಿ ಮೇಸ್ತ್ರಿಯ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ಅಷ್ಟರಲ್ಲಿ ಕೆಲಸ ಎಲ್ಲಿಗೆ ಬಂತೆಂದು ನೋಡಲು ಸಾಹುಕಾರರು ಬಂದು ಬಾಗಿಲಲ್ಲಿ ನಿಂತರು. "ಯಾರ ತಪ್ಪು?"

"ನನ್ನದೇ ಸಾಹುಕಾರ್ರೆ. ಎರಡು ದಿನ ಕೊಡಿ" ಎಂದರು ಮೇಸ್ತ್ರಿ. ನಾನೂ ಹೌದೆಂದು ತಲೆಯಾಡಿಸಿದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಮೇಸ್ತ್ರಿ ಲೈನರ್‌ಗಳನ್ನು ಲೇತ್ ಯಂತ್ರಕ್ಕೆ ಏರಿಸಿ ಕೆತ್ತಿದಾಗ ನನಗೆ ಗೊತ್ತಾಯಿತು. ಎರಕದ ಮೈತುಂಬ ಮರಳು ಕೂತ ತೂತುಗಳು. ಮೇಲಿನ ಸಿಪ್ಪೆ ಹೋದ ಮೇಲೆಯೇ ಒಳಗಿನ ಗಟ್ಟಿ ಕಬ್ಬಿಣ ಬೆಳ್ಳಗೆ ಹೊಳೆದದ್ದು. ನನ್ನ ನೂಲಿನ ಲೆಕ್ಕದಲ್ಲಿ ಎರೆದಿದ್ದರೆ ಕೆತ್ತಲು ಕಬ್ಬಿಣವೇ ಸಾಲದೆ ನಾಲ್ಕೂ ಗುಜರಿಗೆ ಹೋಗುತ್ತಿದ್ದವು.

"ನಿಮ್ಮ ತಪ್ಪಿನಿಂದ ನಾನು ಬಚಾವಾದೆ, ಮೇಸ್ತ್ರಿಗಳೇ."

"ಎಂತ ತಪ್ಪು? ನಿನ್ನ ನೂಲು ಯಾವುದೂಂತ ನಂಗೆ ಗೊತ್ತಿತ್ತು. ಹೇಳಿದ್ರೆ ನೀನು ಕೇಳ್ತಿದ್ಯಾ?"

"ಮತ್ತೆ ಸಾಹುಕಾರ್ರ ಹತ್ರ ಹಾಗೆ ಹೇಳಿದ್ದೆಂತಕ್ಕೆ?"

"ನಾನು ಅವರ ಕೆಲಸದವನಾ? ನನ್ನನ್ನು ತೆಗೀಲಿಕ್ಕೆ ಅವರಿಗೆ ಆಗ್ತದಾ?" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕರು.

ಮದುವೆಯ ದಿನ ಕಾರು ಮದುಮಗನನ್ನು ಕೂರಿಸಿಕೊಂಡು ಗುಡ್ಡವನ್ನು ಒಂದೇ ಉಸಿರಿಗೆ ಹತ್ತಿತು. ಸಾಹುಕಾರರು ನೆಂಟರೆದುರು ನನ್ನ ಬೆನ್ನು ತಟ್ಟಿದಾಗ ತಡೆಯಲಾಗಲಿಲ್ಲ. ತಪ್ಪು ನನ್ನದು, ಬುದ್ಧಿ ಮೇಸ್ತ್ರಿಯದು ಎಂದು ಹೇಳಿಯೇಬಿಟ್ಟೆ. ಸಾಹುಕಾರರು ಕಾರಿನ ಕಡೆ ಕೈ ತೋರಿಸಿದರು.

"ಹಾಗಾದ್ರೆ ಇಲ್ಲಿ ಎಂತ ನಿಂತಿದ್ದಿ? ಕಾರು ತೆಗೊಂಡು ಹೋಗಿ ಅವರನ್ನು ಊಟಕ್ಕೆ ಕರ್ಕೊಂಡು ಬಾ. ಹಿಂದಿನ ಸೀಟಲ್ಲಿ ಕೂರಿಸು."