ರಂಗಕ್ಕನ ಎಡಗಿವಿ

ಶೆಟ್ಟಿಕೆರೆಯ ರಂಗಕ್ಕ ತೆಂಗಿನಕಾಯಿಯನ್ನು ಕಿವಿಯಿಂದ ನೋಡುತ್ತಾಳೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯನ್ನು ಎಡಗಿವಿಗೆ ಹಿಡಿದು ಒಮ್ಮೆ ಅಲ್ಲಾಡಿಸುತ್ತಾಳೆ. ಲೊಡಲೊಡ ಅಂದರೆ ಕೊಬ್ಬರಿಯಾಗಿದೆ, ಸುಲಿಯೋಕೆ ಹಾಕು. ಗುಳುಗುಳು ಅಂದರೆ ಒಳಗಿನ್ನೂ ನೀರಿದೆ, ಅಟ್ಟಕ್ಕೇ ವಾಪಸ್. ನಲವತ್ತು ವರ್ಷ ಊರಿನ ಅಟ್ಟಗಳೆಲ್ಲ ಅವಳ ಮಾತು ಕೇಳಿದ್ದವು.

ಹೋದ ವರ್ಷ ಮಾತ್ರ ಕರಿಯಣ್ಣನ ಅಟ್ಟದಲ್ಲಿ ಅವಳು ‘ಆಗೈತೆ’ ಅಂದ ಇಪ್ಪತ್ತು ಕಾಯಿ ಹಸಿ ಬಂದವು. “ರಂಗಕ್ಕನ ಕಿವಿ ಹೋಯ್ತು” ಎಂದು ಕರಿಯಣ್ಣ ಟೀ ಅಂಗಡಿಯಲ್ಲಿ ಸಾರಿದ. “ಆವತ್ತು ನೆಗಡಿ ಕಣ್ರಪ್ಪ” ಎಂದು ಅವಳು ಹೇಳಿದರೂ ಯಾರೂ ಕೇಳಲಿಲ್ಲ. ಈ ವರ್ಷದ ಕೆಲಸ ಸೋಮವಾರ ಶುರು. ಶನಿವಾರದವರೆಗೂ ಅವಳನ್ನು ಒಬ್ಬರೂ ಕರೆದಿರಲಿಲ್ಲ.

ಆ ಶನಿವಾರವೇ ಅವಳ ತಮ್ಮನ ಮಗಳು ಮಧುಶ್ರೀ, ತಿಪಟೂರಿನ ಹಳೇ ಕೊಬ್ಬರಿ ಗೋದಾಮಿನಲ್ಲಿ ಕಲಾ ಪ್ರದರ್ಶನ ಇಟ್ಟಿದ್ದಳು. ಹಳೇ ವಿಡಿಯೋ ಗೇಮುಗಳನ್ನು ತಿದ್ದಿ ಬೇರೆಯೇ ಆಟ ಮಾಡಿದ್ದಳಂತೆ. ಪಕ್ಕದ ಮನೆಯವನಾದ ನಾನು ಪರಿಣತನಾಗಿ ಜೊತೆಗೆ ಹೊರಟೆ. ಕಾಲೇಜಿನ ದಿನಗಳನ್ನು ಬಸ್ ಸ್ಟ್ಯಾಂಡ್ ಹಿಂದಿನ ವಿಡಿಯೋ ಗೇಮ್ ಅಂಗಡಿಯಲ್ಲೇ ಕಳೆದವನು ನಾನು. ಮೂರು ವರ್ಷದ ಡಿಗ್ರಿ ಐದು ವರ್ಷ ಹಿಡಿದದ್ದೇ ಅದಕ್ಕೆ ಸಾಕ್ಷಿ.

ಮೊದಲನೆಯದು ಕಾರ್ ರೇಸು. ಬೇರೆ ಕಾರುಗಳನ್ನೆಲ್ಲ ಅಳಿಸಿಹಾಕಿದ್ದಳು, ಖಾಲಿ ರಸ್ತೆ.

“ಗೆಲ್ಲೋದು ಹೆಂಗಮ್ಮ?”

“ಗೆಲ್ಲೋಕಲ್ಲ ಮಾವ, ಸುಮ್ನೆ ಹೋಗೋಕೆ.”

ಸುಮ್ನೆ ಹೋಗಿ ಮರಕ್ಕೆ ಗುದ್ದಿದೆ.

ಎರಡನೆಯದರಲ್ಲಿ ಮೇಲಿಂದ ಇಟ್ಟಿಗೆಗಳ ಬದಲು ತೆಂಗಿನಕಾಯಿ ಬೀಳುತ್ತಿದ್ದವು. ನೋಡಲು ಎಲ್ಲ ಒಂದೇ, ಶಬ್ದ ಬೇರೆ. ಕೊಬ್ಬರಿಯಾಗಿದ್ದರೆ ಗುಂಡಿ ಒತ್ತಬೇಕು, ಹಸಿಯಾದರೆ ಬಿಡಬೇಕು. ಮೂರು ತಪ್ಪಿಗೆ ಆಟ ಮುಗೀತು. ಶಬ್ದ ರೆಕಾರ್ಡ್ ಮಾಡಿದ ಅಸಲಿ ಕಾಯಿಗಳಿಗೆ ನಂಬರ್ ಹಾಕಿ ಪಕ್ಕದಲ್ಲೇ ಜೋಡಿಸಿದ್ದಳು. ಅವನ್ನು ಕೊಟ್ಟವನೂ, ಇದು ಕೊಬ್ಬರಿ ಇದು ಹಸಿ ಎಂದು ಹೇಳಿಕೊಟ್ಟವನೂ ಕರಿಯಣ್ಣ. ಇಸ್ತ್ರಿ ಶರ್ಟು ತೊಟ್ಟು ಅಲ್ಲೇ ನಿಂತಿದ್ದ.

ನಾನು ನಾಲ್ಕನೇ ಕಾಯಿಗೇ ಮುಗಿದುಹೋದೆ.

“ಬಾ ರಂಗಕ್ಕ,” ಎಂದ ಕರಿಯಣ್ಣ. “ಇಲ್ಲಿ ಹಸಿ ಬಂದ್ರೆ ಯಾರಿಗೂ ನಷ್ಟ ಇಲ್ಲ.”

ರಂಗಕ್ಕ ಸೆರಗಿಗೆ ಕೈ ಒರೆಸಿ, ಪರದೆಗೆ ಬೆನ್ನು ಹಾಕಿ, ಎಡಗಿವಿಯನ್ನು ಸ್ಪೀಕರಿಗೆ ಕೊಟ್ಟಳು. ಹತ್ತು ಕಾಯಿ ಆಯ್ತು, ಮೂವತ್ತಾಯ್ತು. ಜನ ಸುತ್ತ ಸೇರಿದರು. ಆಗ ತಪ್ಪಿನ ಕೆಂಪು ದೀಪ ಹತ್ತಿತು. ಪಕ್ಕದ ಸಾಲಿನ ಹದಿನೇಳನೇ ನಂಬರಿನ ಕಾಯಿಯ ಶಬ್ದಕ್ಕೆ ಅವಳು ಗುಂಡಿ ಒತ್ತಿರಲಿಲ್ಲ.

“ಅದು ಕೊಬ್ಬರಿ ಅತ್ತೆ, ತಪ್ಪಾಯ್ತು,” ಎಂದಳು ಮಧುಶ್ರೀ.

“ಹಸಿ ಕಣೇ. ಒಡೆದು ನೋಡು.”

“ಅಯ್ಯೋ, ಅದು ಕಲಾಕೃತಿ!”

“ಕಾಯಿ ಕಣೇ.”

ತಿಪಟೂರಿನಲ್ಲಿ ಮಚ್ಚಿಗೆ ಕಾಯಬೇಕಿಲ್ಲ. ಯಾರೋ ಸುಲಿದುಕೊಟ್ಟರು. ಆಟದಲ್ಲಿ ಹೋದ ಮಾನ ಇಲ್ಲಾದರೂ ಉಳಿಯಲಿ ಎಂದು ನಾನೇ ಬೀಸಿ ಹೊಡೆದೆ. ನೀರು ಅರ್ಧ ನನ್ನ ಕನ್ನಡಕಕ್ಕೆ, ಅರ್ಧ ಕರಿಯಣ್ಣನ ಇಸ್ತ್ರಿಗೆ.

ಗೋದಾಮೆಲ್ಲ ನಗು. ಕರಿಯಣ್ಣ ಶರ್ಟು ಒರೆಸಿದ, ಮತ್ತೆ ಒರೆಸಿದ. ಕೊನೆಗೆ, “ಸೋಮವಾರ ಎಂಟಕ್ಕೆ ಬತ್ತೀಯಾ ರಂಗಕ್ಕ?” ಎಂದ.

“ಏಳಕ್ಕೇ ಬತ್ತೀನಿ. ನೀನು ಮಾತ್ರ ಅಟ್ಟ ಹತ್ತಬ್ಯಾಡ.”

ಆಮೇಲೆ ಯಂತ್ರದ ಕಡೆ ತಿರುಗಿದಳು. “ಮಧು, ನಿಲ್ಲಿಸಬ್ಯಾಡ ಕಣೇ. ನಿನ್ನ ಲೆಕ್ಕದಾಗೂ ನಂಗಿನ್ನೂ ಎರಡು ತಪ್ಪು ಬಾಕಿ ಐತೆ.”