ಮದರಂಗಿ ಗಿಡದ ಕಣಜದ ಗೂಡು

ನನ್ನ ಎಲೆಯಡಿಕೆ ತಟ್ಟೆಯಲ್ಲಿ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ ಉಂಟು. ಅದರ ಮುಚ್ಚಳ ತೆಗೆದಾಗಲೆಲ್ಲ ಎಲೆಯಡಿಕೆಗಿಂತ ಮೊದಲು ನೆನಪಾಗುವುದು ಅರವತ್ತನೇ ಇಸವಿಯ ಆಚೀಚೆ ಬಿಜೈಯ ನಮ್ಮ ಹಿತ್ತಿಲಲ್ಲಿದ್ದ ಮದರಂಗಿ ಗಿಡ, ಅದರಲ್ಲಿ ತೂಗುತ್ತಿದ್ದ ಕಣಜದ ಹುಳಗಳ ಗೂಡು. ಹುಳ ಕಚ್ಚಿದರೆ ಸುಣ್ಣ ಹಚ್ಚಬೇಕೆಂದು ನಿಮಗೂ ಗೊತ್ತಿರಬಹುದು. ಎಷ್ಟು ಹಚ್ಚಬೇಕೆಂದು ನನ್ನಷ್ಟು ಗೊತ್ತಿರಲಾರದು.

ಗಿಡ ಬೇರೂರಿದ್ದು ನಮ್ಮ ಮಣ್ಣಿನಲ್ಲಾದರೂ ಅದು ಪಕ್ಕದ ಮನೆಯ ಐಸಮ್ಮನದು. ಮಗಳು ಜೋಹರಾ ಹುಟ್ಟಿದ ವರ್ಷ ಅವಳು ನೆಡಲೆಂದು ಎರಡು ಗೆಲ್ಲು ತಂದಿದ್ದಳು. ಅವಳ ಅಂಗಳದ್ದು ಒಣಗಿತು, ನನಗೆ ಕೊಟ್ಟದ್ದು ಚಿಗುರಿತು. "ನನ್ನ ಹುಡುಗಿಯ ಮದುವೆಗೆ ಇದರದ್ದೇ ಮದರಂಗಿ" ಎಂದು ಅಂದೇ ಗೋಡೆಯಾಚೆಯಿಂದ ಹೇಳಿಟ್ಟಿದ್ದಳು. ಆ ಮದುವೆಗೆ ಮೂರು ದಿನ ಇರುವಾಗ ಕೊಯ್ಯಲು ಹೋದರೆ ಗಿಡದ ನಡುವೆ ಗೂಡು. ಬೂದುಬಣ್ಣದ, ತಲೆಕೆಳಗಾಗಿ ಅರಳಿದ ತಾವರೆಯಂಥದ್ದು.

ಹಂಚಿನ ಕಾರ್ಖಾನೆಗೆ ಹೊರಟಿದ್ದ ನಮ್ಮವರು, "ಎಂತ ನೋಡುವುದು ಮಾರಾಯ್ತಿ? ಸಂಜೆ ಒಂದು ತೂಟೆ ಹಿಡಿದರೆ ಮುಗೀತು" ಎಂದರು. ತೂಟೆ ಎಂದರೆ ಒಣ ತೆಂಗಿನ ಗರಿಯ ಪಂಜು.

"ಹುಳದೊಟ್ಟಿಗೆ ಗಿಡವೂ ಮುಗೀತದೆ" ಎಂದೆ.

ಐಸಮ್ಮ ಗೋಡೆಯ ಮೇಲೆ ಗಲ್ಲವಿಟ್ಟು ಗಿಡವನ್ನೇ ನೋಡುತ್ತಿದ್ದಳು. ಬಳಿಕ ಒಳಗೆ ಹೋಗಿ ಒಂದು ಗೋಣಿ ತಂದಳು. "ಹೊದ್ದುಕೊಳ್ಳಿ ಅಕ್ಕ, ದಪ್ಪ ಉಂಟು. ಕಚ್ಚಿದರೆ ಗೋಣಿಗೆ ಕಚ್ಚಲಿ."

ಅವಳ ಗಂಡನಿಗೆ ಬಂದರಿನಲ್ಲಿ ಜಿನಸಿನ ಅಂಗಡಿ; ಅದು ಬೆಲ್ಲ ತುಂಬಿ ಬಂದ ಗೋಣಿ. ಸಂಸಾರ ಮಾಡಿ ಪಳಗಿದ ಇಬ್ಬರು ಹೆಂಗಸರು, ಒಬ್ಬಳಿಗೂ ಹೊಳೆಯಲಿಲ್ಲ. ಹೊದ್ದು ಗಿಡದ ಬಳಿ ನಿಂತ ನನ್ನನ್ನು ಹುಳಗಳು ಬೆಲ್ಲದ ಅಚ್ಚೆಂದೇ ತಿಳಿದವು. ಓಡಿ ಒಳಗೆ ಬಿದ್ದಾಗ ಬಲಗೈಗೆ ಐದು, ಹುಬ್ಬಿಗೆ ಒಂದು. ಡಬ್ಬಿಯ ಸುಣ್ಣವೆಲ್ಲ ಕೈಗಾಯಿತು.

ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಒರಗಿ, ತೆರೆಯುವ ಒಂದೇ ಕಣ್ಣಿನಿಂದ, ಜ್ವರದ ಮಂಪರಿನಲ್ಲಿ ಅವುಗಳನ್ನು ನೋಡುತ್ತಿದ್ದೆ. ನಮ್ಮ ಹಳೆ ಬಾಗಿಲ ಚೌಕಟ್ಟನ್ನು ಕೆರೆದು, ಜಗಿದು, ಕಾಗದ ಮಾಡಿ ಮನೆ ಕಟ್ಟುತ್ತಿದ್ದವು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಷ್ಟು ನಯವಾದ ಕಾಗದದ ಮೇಲೆ ಎಂದೂ ಬರೆದವಳಲ್ಲ. ನನ್ನ ಬಾಗಿಲೇ ಚೂರುಚೂರಾಗಿ ಗಾಳಿಯಲ್ಲಿ ತೇಲಿಹೋಗಿ ಅವುಗಳ ಮನೆಯಾಗುತ್ತಿರುವಾಗ, ಯಾರ ಮನೆಗೆ ಯಾರು ಬೆಂಕಿಯಿಡುವುದು ಎಂದು ಅರೆನಿದ್ದೆಯಲ್ಲಿ ತೋರಿತು. ಪ್ರೀತಿಯೇನೂ ಹುಟ್ಟಲಿಲ್ಲ, ಕೈ ಉರಿಯುತ್ತಿತ್ತು. ಆದರೆ ಒಂದು ಕಂಡೆ: ಕಾಗೆ ಕೂತು ಗೆಲ್ಲು ಅಲುಗಿದರೆ ಏಳುತ್ತವೆ, ಚಿಟ್ಟೆ ಕೂತರೆ ಇಲ್ಲ.

ಸಂಜೆ ತೂಟೆ ಕಟ್ಟಲು ಹೊರಟ ನಮ್ಮವರನ್ನು ಬೇಡವೆಂದು ತಡೆದೆ. ಮರುದಿನ ಇಬ್ಬನಿ ಆರುವ ಮೊದಲು, ಚಳಿಗೆ ಅವು ಮುದುಡಿದ್ದಾಗ, ಹೊಲಿಗೆಯ ಕತ್ತರಿ ಹಿಡಿದು ಹೋದೆ. ಬಲಗೈ ಊದಿತ್ತು, ಎಡಗೈಯಲ್ಲಿ ಕತ್ತರಿಸಬೇಕಾದ್ದರಿಂದ ನಿಧಾನ ತಾನಾಗಿಯೇ ಬಂತು. ಗೆಲ್ಲು ಅಲುಗದಂತೆ ಕುಡಿಕುಡಿಯಾಗಿ ಕೆಳಗಿಟ್ಟ ಬಿದಿರಿನ ಗೆರಸೆಗೆ ಬೀಳಿಸಿದೆ. ಮಂಜಿನಲ್ಲಿ ಗಿಡ, ಗೂಡು, ನಾನು, ಗೋಡೆಯಾಚೆ ಐಸಮ್ಮ, ಎಲ್ಲರೂ ಒಂದೇ ಉಸಿರನ್ನು ಬಿಗಿಹಿಡಿದಂತಿತ್ತು. ಬಿಸಿಲೇರುವಾಗ ಗೆರಸೆ ತುಂಬಿತ್ತು.

ಅರೆಯುವ ಕೆಲಸವೂ ನನ್ನದೇ ಆಯಿತು. ಊದಿದ ಕೈಯ ಸುಣ್ಣಕ್ಕೆ ಮದರಂಗಿ ತಾಗಿ ಅಂಗೈ ಕಪ್ಪೇರುವಷ್ಟು ಕೆಂಪಾಯಿತು. ಮದುವೆಯ ದಿನ ಜೋಹರಾ ತನ್ನ ಕೈಯನ್ನು ನನ್ನದರ ಪಕ್ಕ ಇಟ್ಟು ನೋಡಿದಳು.

"ಮದುಮಗಳು ಯಾರಕ್ಕ?" ಎಂದಳು ಐಸಮ್ಮ.

"ಹುಳಗಳನ್ನು ಕೇಳು" ಎಂದೆ.

ಗೂಡು ಬೇಸಿಗೆಗೆ ತಾನೇ ಬರಿದಾಯಿತು. ಈಗ ಸುಣ್ಣಕ್ಕೆ ಬೆರಳದ್ದಿದಾಗ ಆ ಉರಿ ನೆನಪಾಗುವುದಿಲ್ಲ. ತುದಿಬೆರಳಿನ ಬಿಳುಪು ಅಂದಿನ ಹಾಗೆ ಕೆಂಪಾದೀತೇ ಎಂದು ಅರೆಗಳಿಗೆ ಕಾಯುತ್ತೇನೆ. ಆಗದಿದ್ದರೆ ಎಲೆಗೆ ಹಚ್ಚುತ್ತೇನೆ.