ಬೋಳು ಹೂವಿನ ಹೆಸರು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮುಂಬಯಿ ಹತ್ತಿರದ ಠಾಣೆ ಊರಿನ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಸಿಸ್ಟಂಟ್ ಆಗಿದ್ದೆ. ಗಿಡ ತರುವುದು, ಒಣಗಿಸುವುದು, ದಪ್ಪ ಹಾಳೆಗೆ ಅಂಟಿಸುವುದು, ಚೀಟಿ ಬರೆಯುವುದು, ಚಿತ್ರ ಬಿಡಿಸುವುದು, ನಡುನಡುವೆ ವಿಭಾಗದ ಮುಖ್ಯಸ್ಥರಿಗೆ ಚಹಾ ತರಿಸುವುದು ಎಲ್ಲವೂ ಆ ಹುದ್ದೆಯೊಳಗೆ ಸೇರಿತ್ತು. ನಮ್ಮದು ವಿಜಾಪುರದ ಕಡೆಯ ಮನೆತನ. ಅಪ್ಪ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಡೊಂಬಿವಲಿಯಲ್ಲಿ ನಮಗೆ ಎರಡು ಖೋಲಿಯ ಮನೆ. ಭಾನುವಾರವೂ ನಾನು ಚೀಲ ಹೊತ್ತು ಹೊರಟರೆ ಅವ್ವ, "ಹುಲ್ಲು ತರಲಿಕ್ಕೆ ಕಾಲೇಜಿನವರಿಗೆ ಬ್ಯಾರೆ ಯಾರೂ ಸಿಗಲಿಲ್ಲೇನು?" ಎಂದು ಗೊಣಗುತ್ತಿದ್ದಳು.

ಮುಖ್ಯಸ್ಥರ ಬಗ್ಗೆ ನ್ಯಾಯವಾಗಿ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆರ್ಕಿಡ್ ನೋಡುವುದನ್ನು ನನಗೆ ಕಲಿಸಿದವರು ಅವರು. "ಎಲೆ ನೋಡಿ ಮೋಸಹೋಗಬೇಡ, ತುಟಿ ನೋಡು" ಎನ್ನುತ್ತಿದ್ದರು. ಆರ್ಕಿಡ್ ಹೂವಿನ ಮೂರು ದಳಗಳಲ್ಲಿ ಒಂದು ಉಳಿದೆರಡರ ಹಾಗಿರುವುದಿಲ್ಲ. ಅದೇ ತುಟಿ. ಅದರ ಹಿಂದೆ ಬಾಲದಂತೆ ಇಳಿಬಿದ್ದ ನಳಿಕೆಯಲ್ಲಿ ಮಕರಂದ. ತುಟಿಯ ಅಂಚು, ನಳಿಕೆಯ ಉದ್ದ ಇವನ್ನು ಅಳೆದರೆ ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸಬಹುದು. ಮಂಡಿನೋವಿನಿಂದ ಅವರು ಗುಡ್ಡ ಹತ್ತುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಹತ್ತುವ ಕೆಲಸ ನನ್ನ ಪಾಲಿಗೆ ಬಂದಿತ್ತು, ನಾನದನ್ನು ಸಂತೋಷದಿಂದಲೇ ಮಾಡುತ್ತಿದ್ದೆ.

ಆಗ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆಚೆ ಹೊಸ ಮುಂಬಯಿ ಏಳುತ್ತಿತ್ತು. ಕೋಪರಖೈರಣೆ ಇನ್ನೂ ಹಳ್ಳಿ. ಬೇಲಾಪುರ ರಸ್ತೆಯ ಪೂರ್ವಕ್ಕೆ ಇದ್ದ ಗುಡ್ಡಗಳ ಒಂದು ಮಗ್ಗುಲಲ್ಲಿ ಕಾಡು, ಇನ್ನೊಂದು ಮಗ್ಗುಲಲ್ಲಿ ಕಲ್ಲುಗಣಿ. ಗಣಪತಿ ಹಬ್ಬಕ್ಕೆ ಮುಂಚಿನ ಒಂದು ಭಾನುವಾರ ಮಳೆ ಹೊಳವಾಗಿತ್ತು. ಪಾಚಿ ಕಟ್ಟಿದ ಬಂಡೆಯ ಸಾಲನ್ನು ಹಿಡಿದು ಹತ್ತುತ್ತ ನಾನು ಗೊತ್ತಾಗದೆ ಗಣಿಯ ಅಂಚಿಗೇ ಬಂದುಬಿಟ್ಟಿದ್ದೆ. ಸಿಡಿಮದ್ದು ಹಾರಿಸುವ ಮುನ್ನಿನ ಸೀಟಿ ಕೇಳಿಸಿತು. "ಬೈಠೋ! ಬೈಠೋ!" ಎಂದು ಒಬ್ಬ ಹೆಂಗಸು ಓಡಿಬಂದು ನನ್ನನ್ನು ಒಂದು ಬಂಡೆಯ ಹಿಂದಕ್ಕೆ ಎಳೆದಳು. ನೆಲ ನಡುಗಿತು, ಕಲ್ಲಿನ ಚೂರುಗಳು ಎಲೆಗಳ ಮೇಲೆ ಉದುರಿದವು.

"ಸಾಯ್ಲಾಕ ಬಂದಾಳ ಇಕಿ," ಎಂದು ಅವಳು ತನ್ನಷ್ಟಕ್ಕೆ ಬೈದುಕೊಂಡಳು.

"ಸಾಯ್ಲಿಕ್ಕೆ ಬಂದಿಲ್ಲ, ಹೂವು ನೋಡ್ಲಿಕ್ಕೆ ಬಂದೀನಿ," ಎಂದೆ ನಾನು ಕನ್ನಡದಲ್ಲಿಯೇ.

ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು. ಸೇಡಂ ಕಡೆಯವಳು. ಗಂಡ ಸುತ್ತಿಗೆ ಹೊಡೆಯುತ್ತಿದ್ದ, ಇವಳು ಬುಟ್ಟಿ ಹೊರುತ್ತಿದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ನನ್ನ ಚೀಲದಲ್ಲಿದ್ದ ಹಲಗೆಗಳನ್ನು, ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟ ಗಿಡಗಳನ್ನು ನೋಡಿ, "ಇದಕ್ಕ ಪಗಾರ ಕೊಡ್ತಾರೇನ್ರಿ ಅಕ್ಕೋರೆ?" ಎಂದು ಕೇಳಿದಳು. ಹೂವೊಂದನ್ನು ಎತ್ತಿ ನೋಡಿ, "ಇದು ಗಡ್ಡದ್ದು. ಬೋಳಂದು ನೋಡೀರೇನು?" ಎಂದಳು.

ನಾನು ಪೆನ್ಸಿಲ್ ಕೈಗೆತ್ತಿಕೊಂಡೆ.

"ಗಡ್ಡದ್ದು ಎಲ್ಲಾ ಕಡಿ ಅದಾವ್ರಿ. ಬೋಳಂದು ಆ ಮ್ಯಾಲಿನ ಬಂಡಿ ಮ್ಯಾಲ ಅಷ್ಟೇ. ಮುಂಜಾನಿ ಮೂಸಿದ್ರ ಏನೂ ಇಲ್ಲ. ನಾವು ಕೆಲಸ ಬಿಡೂ ಹೊತ್ತಿಗಿ ಘಮ್ ಅಂತದ. ನಾ ಮುಡಕೋತೀನಿ."

ಹತ್ತಿ ನೋಡಿದರೆ ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ನಮಗೆ ಗೊತ್ತಿದ್ದ ಜಾತಿಯ ತುಟಿಯ ಎರಡೂ ಬದಿ ಬಾಚಣಿಗೆಯ ಹಲ್ಲಿನಂತೆ ಸೀಳಿರುತ್ತವೆ. ಅದೇ ಅವಳ ಗಡ್ಡ. ಮೇಲಿನ ಬಂಡೆಯ ಗಿಡಗಳ ತುಟಿ ನುಣ್ಣಗಿತ್ತು. ಮಕರಂದದ ನಳಿಕೆ ಎರಡು ಪಟ್ಟು ಉದ್ದ. ಬಿಸಿಲು ಇಳಿಯುವ ತನಕ ಅಲ್ಲೇ ಕೂತೆ. ಗಣಿಯ ಕೆಲಸ ನಿಂತು ಧೂಳು ಕೂರುತ್ತಿದ್ದಂತೆ ಆ ಹಸಿರುಬಿಳಿ ಹೂಗಳು ಪರಿಮಳಿಸತೊಡಗಿದವು.

ಮುಖ್ಯಸ್ಥರು ಒಪ್ಪಲಿಲ್ಲ. "ಜಾತಿ ಒಂದೇ. ಬಂಡೆಯ ಮೇಲೆ ಮಣ್ಣು ಕಡಿಮೆ, ಹಾಗಾಗಿ ಹೀಗೆ ಬೆಳೆದಿದೆ. ಹೂವಿನ ವಾಸನೆ ಯಾವ ಪುಸ್ತಕದಲ್ಲಿ ಲಕ್ಷಣವಾಗಿದೆ?" ಎಂದರು. ಮಾರನೆಯ ವರ್ಷ ಮಳೆಗಾಲ ಪೂರ್ತಿ ನಾನು ಅದೇ ಗುಡ್ಡಕ್ಕೆ ಹೋದೆ. ಆ ಮೇಲಿನ ಬಂಡೆಯ ಮೇಲೆಯೇ ಗಡ್ಡದ್ದೂ ಬೋಳೂ ಒಂದೇ ಪಾಚಿಯಲ್ಲಿ ಅಕ್ಕಪಕ್ಕ ಬೆಳೆದಿದ್ದ ಎರಡು ಜಾಗಗಳನ್ನು ಆ ಹೆಂಗಸೇ ತೋರಿಸಿದಳು. ಒಂದೇ ಮಣ್ಣು, ಒಂದೇ ನೀರು, ಆದರೂ ನಡುವಿನ ರೂಪದ ಹೂವು ಒಂದೂ ಇರಲಿಲ್ಲ. ಮಣ್ಣಿನ ಮಾತು ಅಲ್ಲಿಗೆ ಮುಗಿಯಿತು. ಕಾಯಿ ಬಲಿತದ್ದು ಯಾವಾಗ ಎಂದು ಹೇಳಿದವಳೂ ಅವಳೇ. ನಾನು ಅವಳಿಗೆ 'ನೀ' ಎನ್ನುತ್ತಿದ್ದೆ, ಅವಳು ನನಗೆ 'ನೀವು' ಎನ್ನುತ್ತಿದ್ದಳು. ಅದರಲ್ಲೇನೂ ವಿಚಿತ್ರವಿದೆ ಎಂದು ಆಗ ನನಗೆ ಅನಿಸಲಿಲ್ಲ.

ಮುಖ್ಯಸ್ಥರು ಹಾಳೆಗಳನ್ನು ಪುಣೆಯ ಒಣಗಿಡಗಳ ದೊಡ್ಡ ಸಂಗ್ರಹಕ್ಕೆ ಒಯ್ದು ಹೋಲಿಸಿದರು. ಅಂಥದ್ದು ಅಲ್ಲಿ ಒಂದೂ ಇರಲಿಲ್ಲ. ಹಿಂತಿರುಗಿ ಬಂದ ದಿನ ಇಡೀ ವಿಭಾಗಕ್ಕೆ ಪೇಢೆ ಹಂಚಿ, "ಹೇ ಬಘ್, ಇಲ್ಲಿ ನೋಡು, ಹೊಸ ಜಾತಿ!" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಹೊಸ ಜಾತಿಯ ವಿವರಣೆಯನ್ನು ಆಗ ಲ್ಯಾಟಿನ್‌ನಲ್ಲಿಯೇ ಬರೆಯಬೇಕಿತ್ತು. ನಿಘಂಟು ಹಿಡಿದು ನಾನೇ ಕರಡು ಮಾಡಿದೆ. ಕಲ್ಯಾಣದ ಒಂದು ಇಗರ್ಜಿಯ ಮುದುಕ ಪಾದ್ರಿ ತಿದ್ದಿಕೊಟ್ಟರು. "ಮಗಳೇ, ನಿಮ್ಮ ಲ್ಯಾಟಿನ್‌ನಲ್ಲಿ ಕ್ರಿಯಾಪದಗಳೇ ಇಲ್ಲವಲ್ಲ" ಎಂದು ಅವರಿಗೆ ಆಶ್ಚರ್ಯ. ಸಂಜೆಯ ಪರಿಮಳವನ್ನು ಸೂಚಿಸುವ ಹೆಸರನ್ನು ನಾನು ಸೂಚಿಸಿದೆ. ಮುಖ್ಯಸ್ಥರು "ಛಾನ್, ಛಾನ್" ಎಂದು ಮೆಚ್ಚಿದರು. ಅದೇ ಹೆಸರು ಅಚ್ಚಿಗೆ ಹೋಗುತ್ತದೆ ಎಂದು ನಂಬಿದೆ.

ಬೇಸಿಗೆಯಲ್ಲಿ ನಮ್ಮ ವಿವರಣೆ ಅಚ್ಚಾದ ವಿಜ್ಞಾನ ಪತ್ರಿಕೆ ಬಂತು. ನನ್ನ ಚಿತ್ರದ ಕೆಳಗೆ ನಮ್ಮ ಕಾಲೇಜಿನ ಒಬ್ಬ ಟ್ರಸ್ಟಿಯ ಮನೆತನದ ಹೆಸರು ಲ್ಯಾಟಿನ್ ಬಾಲ ಅಂಟಿಸಿಕೊಂಡು ನಿಂತಿತ್ತು. ಆ ಹೆಸರನ್ನು ನಾನು ಇನ್ನೊಂದು ಕಡೆಯೂ ಓದಿದ್ದೆ. ಗಣಿಯಿಂದ ಕಲ್ಲು ಸಾಗಿಸುತ್ತಿದ್ದ ಟ್ರಕ್ಕುಗಳ ಬಾಗಿಲ ಮೇಲೆ. ಸಂಗ್ರಹಿಸಿದವರು ಎಂಬಲ್ಲಿ ಮುಖ್ಯಸ್ಥರ ಹೆಸರಿತ್ತು. ಕೊನೆಯ ಸಾಲಿನಲ್ಲಿ 'ತಾಂತ್ರಿಕ ನೆರವಿಗಾಗಿ' ನನಗೆ ಕೃತಜ್ಞತೆ.

ಪತ್ರಿಕೆ ಹಿಡಿದು ಅವರ ಕೋಣೆಗೆ ಹೋದೆ.

"ಸರ್, ಆ ಬಂಡೆಯನ್ನು ಒಡೆಯುತ್ತಿರುವವರೇ ಅವರು."

"ಹೊಸ ಲ್ಯಾಬ್ ಕಟ್ಟಿಸಿಕೊಟ್ಟವರೂ ಅವರೇ," ಎಂದರು ಅವರು, ಕನ್ನಡಕ ಒರೆಸುತ್ತ. "ಶಹರ ಆಗಬೇಕಾದರೆ ಕಲ್ಲು ಬೇಕು. ನಾಳೆ ನಿನ್ನಪ್ಪನೂ ಅಲ್ಲೇ ಒಂದು ಫ್ಲ್ಯಾಟ್ ತಗೊಳ್ಳುತ್ತಾರೆ, ನೋಡುತ್ತಿರು."

"ಹೆಸರು ಬದಲಾಯಿಸಲು ಬರುವುದಿಲ್ಲವೇ?"

"ಅಚ್ಚಾದ ಮೇಲೆ ಅದೇ ಹೆಸರು. ನಿಯಮ ನಿನಗೆ ಗೊತ್ತಿಲ್ಲವೇ?"

ಗೊತ್ತಿತ್ತು. ಕ್ರಮಬದ್ಧವಾಗಿ ಮೊದಲು ಅಚ್ಚಾದ ಹೆಸರೇ ಊರ್ಜಿತ. ನಾಚಿಕೆಗೇಡು ಎಂಬ ಕಾರಣಕ್ಕೆ ಒಂದು ಹೆಸರನ್ನು ತೆಗೆದುಹಾಕಲು ನಮ್ಮ ಶಾಸ್ತ್ರದಲ್ಲಿ ದಾರಿ ಇರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಟ್ರಸ್ಟಿಗೆ ಸತ್ಕಾರ ಏರ್ಪಟ್ಟಿತು. ಹೂಬಿಟ್ಟ ಗಿಡವೊಂದನ್ನು ಕುಂಡದಲ್ಲಿಟ್ಟು ವೇದಿಕೆಗೆ ತರುವ ಹೊಣೆ ನನ್ನದು. ಗುಡ್ಡಕ್ಕೆ ಹೋದರೆ ಮೇಲಿನ ಬಂಡೆಯೇ ಇರಲಿಲ್ಲ. ಅದಿದ್ದ ಜಾಗದಲ್ಲಿ ಬೂದುಬಣ್ಣದ ಗೋಡೆ ನೆಟ್ಟಗೆ ನಿಂತಿತ್ತು, ಬುಡದಲ್ಲಿ ಮಳೆನೀರು. ಆ ಹೆಂಗಸು ಬುಟ್ಟಿ ಇಳಿಸಿ ಬಂದಳು. ಹೂವಿಗೆ ಏನೆಂದು ಹೆಸರಿಟ್ಟಿರಿ ಎಂದು ಕೇಳಿದಳು. ಸುಳ್ಳು ಹೇಳಲಾರದೆ ಟ್ರಕ್ಕಿನ ಬಾಗಿಲ ಕಡೆ ಕೈ ತೋರಿಸಿದೆ.

ಅವಳು ಟ್ರಕ್ಕನ್ನೂ ನನ್ನನ್ನೂ ನೋಡಿದಳು. "ನೋಡಿದಾಕಿ ನಾ. ಬರದಾಕಿ ನೀವು. ಅವ ಏನ್ ಮಾಡ್ಯಾನ್ರಿ?"

"ಈ ಕಲ್ಲಿನ ಖದಾನ ನಿಲ್ಲಿಸ್ಬೇಕಿತ್ತು," ಎಂದೆ ನಾನು ಸಿಟ್ಟಿನಿಂದ.

"ಖದಾನ ಯಾಕ ನಿಲ್ಲಿಸ್ತೀರಿ? ನಮ್ಮ ಕೂಲಿಗಿ ಕಲ್ಲು ಹಾಕ್ತೀರೇನು? ಅದಲ್ಲ ನಾ ಕೇಳಿದ್ದು. ಹೂವಿಗಿ ಅವನ ಹೆಸರ್ಯಾಕ ಇಟ್ರಿ ಅಂತ ಕೇಳಿದೆ."

ಎಲ್ಲಾದರೂ ಒಂದು ಕಡೆ ಅವಳ ಹೆಸರನ್ನು ಬರೆದೇ ತೀರುತ್ತೇನೆ ಎಂದು ಪುಸ್ತಕ ತೆರೆದಾಗಲೇ ನನಗೆ ಹೊಳೆದದ್ದು, ಎರಡು ಮಳೆಗಾಲ ಅವಳ ಜೊತೆ ಗುಡ್ಡ ಸುತ್ತಿದರೂ ಹೆಸರನ್ನೇ ಕೇಳಿರಲಿಲ್ಲ. ಗಿಡದ ನಳಿಕೆಯನ್ನು ಮಿಲಿಮೀಟರಿನಲ್ಲಿ ಅಳೆದಿದ್ದೆ. "ನಿನ್ನ ಹೆಸರೇನು?" ಎಂದೆ.

"ಈಗ್ಯಾಕ?" ಎಂದು ಬುಟ್ಟಿ ಎತ್ತಿಕೊಂಡು ನಡೆದಳು.

ಬೋಳು ಹೂವು ಸಿಗಲಿಲ್ಲವೆಂದು ಮುಖ್ಯಸ್ಥರಿಗೆ ತಿಳಿಸಿದೆ. ಅವರು, "ಗಡ್ಡದ್ದನ್ನೇ ತಾ. ಸಣ್ಣ ಕತ್ತರಿಯಿಂದ ತುಟಿಯ ಅಂಚು ಸವರಿಬಿಡು. ಯಾರಿಗೆ ತಿಳಿಯುತ್ತದೆ?" ಎಂದರು.

ಎಲೆ ನೋಡಿ ಮೋಸಹೋಗಬೇಡ ಎಂದಿದ್ದ ಬಾಯಿ ಅದೇ. ಹೆಸರು ಕದ್ದದ್ದನ್ನು ನಾನು ಹೇಗೋ ನುಂಗಿಕೊಂಡೇನು, ಆ ಕತ್ತರಿಯನ್ನು ಇಂದಿಗೂ ನುಂಗಲು ಆಗಿಲ್ಲ.

ಗಡ್ಡದ ಗಿಡವನ್ನು ಕತ್ತರಿ ಮುಟ್ಟಿಸದೆ ವೇದಿಕೆಯ ಮೇಲಿಟ್ಟೆ. ಶಾಲು, ಹಾರ, ಚೌಕಟ್ಟು ಹಾಕಿಸಿದ ನನ್ನ ಚಿತ್ರ ಎಲ್ಲ ಆಯಿತು. ಟ್ರಸ್ಟಿ ಕುಂಡದ ಕಡೆ ಬಾಗಿ ನನ್ನನ್ನು ಮರಾಠಿಯಲ್ಲಿ ಕೇಳಿದರು, "ಇದೇ ಏನು ನನ್ನ ಹೂವು?" ಮೈಕು ಅಲ್ಲೇ ಇತ್ತು.

"ಅಲ್ಲ ಸಾಹೇಬ್," ಎಂದೆ ನಾನೂ ಮರಾಠಿಯಲ್ಲಿ. "ಇದು ಬೇರೆ ಜಾತಿ. ನಿಮ್ಮ ಹೆಸರಿನ ಹೂವು ಆ ಗುಡ್ಡದ ಒಂದೇ ಬಂಡೆಯ ಮೇಲಿತ್ತು. ಆ ಬಂಡೆಯನ್ನು ನಿಮ್ಮ ಟ್ರಕ್ಕುಗಳು ಒಯ್ದವು. ಅದನ್ನು ಮೊದಲು ಗುರುತಿಸಿದವಳು ನಿಮ್ಮ ಗಣಿಯಲ್ಲಿ ಬುಟ್ಟಿ ಹೊರುತ್ತಾಳೆ."

ಟ್ರಸ್ಟಿ ನಕ್ಕರು. "ಪೋರಗಿ ಹುಶಾರ್ ಆಹೇ," ಹುಡುಗಿ ಜಾಣೆ ಎಂದು ಮುಖ್ಯಸ್ಥರ ಬೆನ್ನು ತಟ್ಟಿದರು. ಎಲ್ಲರೂ ನಕ್ಕರು, ಚಪ್ಪಾಳೆ ಕೂಡ ಬಿತ್ತು. ಬೈದಿದ್ದರೆ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

ಮಾರನೆಯ ವಾರ ಗಿಡಗಳ ಬೀರುವಿನ ಕೀಲಿಕೈ ನನ್ನಿಂದ ವಾಪಸು ಹೋಯಿತು. ನನ್ನನ್ನು ರಸಾಯನಶಾಸ್ತ್ರ ವಿಭಾಗಕ್ಕೆ ಗಾಜಿನ ಕೊಳವೆ ತೊಳೆಯಲು ಕಳಿಸಿದರು. ಅಪ್ಪ ರಾಜೀನಾಮೆ ಬೇಡವೆಂದು ಹೇಳಿಯೇ ಹೇಳಿದ. "ಪಕ್ಕಾ ನೌಕರಿ ಅದ, ಸುಮ್ಮನಿರು" ಎಂದ. ನಾಲ್ಕು ತಿಂಗಳು ಸುಮ್ಮನಿದ್ದೆ, ಆಮೇಲೆ ಕೆಲಸ ಬಿಟ್ಟೆ. ಡೊಂಬಿವಲಿಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್ ಆದೆ.

ಬಿಟ್ಟ ಮೇಲೆ ಒಮ್ಮೆ ಗಣಿಗೆ ಹೋಗಿದ್ದೆ. ಆ ತಂಡ ಬೇರೆ ಕಡೆ ಹೋಗಿತ್ತು. "ಯಾರು ಬೇಕಿತ್ತು?" ಎಂದು ಕೂಲಿಯವರ ಮುಕಾದಮ ಕೇಳಿದ. ಸೇಡಂ ಕಡೆಯ ಹೆಂಗಸು ಎಂದೆ. "ಬಾಯಿಯವರೇ, ಇಲ್ಲಿ ಅರ್ಧ ಜನ ಸೇಡಂ ಕಡೆಯವರೇ," ಎಂದ.

ಎಂಬತ್ತರ ದಶಕದ ಮಧ್ಯದಲ್ಲಿ ಅಪ್ಪನಿಗೆ ಹೊಸ ಮುಂಬಯಿಯ ನೆರೂಳದಲ್ಲಿ ನಿಜಕ್ಕೂ ಫ್ಲ್ಯಾಟ್ ಸಿಕ್ಕಿತು. ನಾವೆಲ್ಲ ಅಲ್ಲಿಗೆ ಹೋದೆವು. ಆ ಗೋಡೆಗಳ ಜಲ್ಲಿ ಯಾವ ಗುಡ್ಡದ್ದು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ. ಮಳೆಗಾಲದ ರಜೆಗಳಲ್ಲಿ ಬೋಳು ಹೂವಿಗಾಗಿ ಕಲ್ಯಾಣದ ಆಚೆಯ ಗುಡ್ಡಗಳನ್ನೂ ಹುಡುಕಿದೆ. ಗಡ್ಡದ್ದು ಎಲ್ಲೆಡೆ ಸಿಕ್ಕಿತು.

ಆ ಮನೆಯ ವಿಳಾಸಕ್ಕೆ ಒಂದು ದಿನ ಮುಖ್ಯಸ್ಥರ ಕಾರ್ಡು ಬಂತು. ನಿವೃತ್ತರಾಗಿದ್ದರು. ಈ ಭಾಗದ ಆರ್ಕಿಡ್‌ಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾರಂತೆ, ನನ್ನ ಹತ್ತಿರ ಉಳಿದಿರುವ ಪೆನ್ಸಿಲ್ ಚಿತ್ರಗಳು ಬೇಕಂತೆ, ಆಶೀರ್ವಾದಗಳಂತೆ. ಹಳೆಯದರ ಬಗ್ಗೆ ಒಂದು ಮಾತೂ ಇಲ್ಲ. ಅಪ್ಪ ಓದಿ, "ಗುರುಗಳು, ಕೊಟ್ಟುಬಿಡು" ಎಂದ.

ಹೊಸ ಪುಸ್ತಕದಲ್ಲಿ ಆ ಹೂವನ್ನು ಕಂಡುಹಿಡಿದದ್ದು ಹೇಗೆ ಎಂದು ನಡೆದದ್ದನ್ನು ನಡೆದಂತೆ, ಗಣಿಯ ಹೆಂಗಸಿನಿಂದ ಹಿಡಿದು ಕತ್ತರಿಯ ತನಕ, ಅಚ್ಚು ಮಾಡಿದರೆ ಚಿತ್ರ ಕಳಿಸುತ್ತೇನೆ ಎಂದು ಬರೆದೆ. ಅವರಿಂದ ಮತ್ತೆ ಕಾಗದ ಬರಲಿಲ್ಲ. ನಾನೂ ಚಿತ್ರ ಕಳಿಸಲಿಲ್ಲ.